ಉತಾರದ ಹೆಸರೂ ಸರಕಾರದ ನೆರವೂ

ಬಾದಾಮಿ ಪಟ್ಟಣಕ್ಕೆ ಸುಮಾರು 5 ಕಿಲೋಮೀಟರು ದೂರದಲ್ಲಿ, ಚೊಳಚಗುಡ್ಡ ಗ್ರಾಮದ ಬಳಿಯಲ್ಲಿ ಬನಶಂಕರಿದೇವಿಯ ಕ್ಷೇತ್ರವಿರುವುದು. ಈ ದೇವಿಗೆ ಶಾಕಂಭರಿ ಎಂಬ ಹೆಸರೂ ಉಂಟು. ಲೋಕಕ್ಕೆ ನೂರು ವರ್ಷಗಳ ಅನಾವೃಷ್ಟಿ ಒದಗಿದಾಗ ತನ್ನ ದೇಹದಿಂದಲೇ ಕಾಯಿಪಲ್ಲೆಗಳನ್ನು ಬೆಳೆಯಿಸಿ ಪ್ರಾಣಿಕೋಟಿಯನ್ನು ಸಲಹಿದಳೆಂಬುದು ಪುರಾಣದ ಮಾತು. ಅದರ ನೆನಪಿಗೆ, ಬನದ ಹುಣ್ಣಿಮೆಯ ಜಾತ್ರೆಗೆ ಮುಂಚೆ ಬರುವ ಪಲ್ಲೇದ ಹಬ್ಬದಲ್ಲಿ 108 ಬಗೆಯ ಕಾಯಿಪಲ್ಲೆಗಳನ್ನು ದೇವಿಗೆ ಅರ್ಪಿಸುವ ರೂಢಿಯು ಇಂದಿಗೂ ನಡೆದುಬಂದಿದೆ. ಗುಡಿಯ ಸುತ್ತಲೂ ತೆಂಗು, ಬಾಳೆ, ವೀಳ್ಯದೆಲೆಯ ತೋಟಗಳ ತಂಪು ಕಣ್ಣಿಗೆ ಬೀಳುತ್ತದೆ. ಆದರೆ ಆ ಹಸುರಿನ ಅಂಚನ್ನು ದಾಟಿ ನಾಲ್ಕು ಹೆಜ್ಜೆ ನಡೆದರೆ ಸೀಮೆಯ ನಿಜವಾದ ಸ್ವರೂಪವು ತಿಳಿದುಬರುವುದು.

ಬಾದಾಮಿಯ ಗುಡ್ಡಗಳ ಬುಡದಲ್ಲಿ ಮರಳುಗೂಡಿದ ಮಸಾರಿ ಹೊಲಗಳು. ಮಲಪ್ರಭೆಯ ಬಯಲಿನಲ್ಲಿ ಎರೆಯ ಹೊಲಗಳು. ವರ್ಷಕ್ಕೆ ಬೀಳುವ ಮಳೆ ಸುಮಾರು 20ರಿಂದ 25 ಅಂಗುಲ. ಅದೂ ಒಂದೇ ಸಮನಾಗಿ ಬೀಳುವುದಿಲ್ಲ. ಮುಂಗಾರಿಗೆ ಸಜ್ಜೆ, ಹೆಸರು, ಶೇಂಗಾ, ತೊಗರಿ. ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬಿ. ಹಿಂಗಾರಿಯ ಜೋಳವು ಉತ್ತರಿ ಹಸ್ತ ಮಳೆಗಳಲ್ಲಿ ನೆಲವು ಕುಡಿದಿಟ್ಟುಕೊಂಡ ತೇವದ ಮೇಲೆಯೇ ಬದುಕಬೇಕು. ಬಿತ್ತಿದ ಮೇಲೆ ಆಕಾಶದಿಂದ ಹೆಚ್ಚಿನದೇನನ್ನೂ ಅದು ನಿರೀಕ್ಷಿಸುವಂತಿಲ್ಲ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ಹದಿನೈದು ದಿನಗಳ ಮೇಲೆ ಜಾತ್ರೆಗೆ ಗಾಡಿ ಹೂಡುವ ಒಕ್ಕಲಿಗನಿಗೆ ಆ ವರ್ಷದ ಬೆಳೆಯ ಗತಿಯು ಬಹುಮಟ್ಟಿಗೆ ಗೊತ್ತಾಗಿಯೇ ಇರುತ್ತದೆ. ತೆನೆ ಕಟ್ಟಿದ್ದರೆ ಜಾತ್ರೆಯಲ್ಲಿ ಎತ್ತು ಕೊಳ್ಳುತ್ತಾನೆ, ಇಲ್ಲದಿದ್ದರೆ ಮಾರುತ್ತಾನೆ.

ಇಂಥ ಸೀಮೆಯಲ್ಲಿ ಸಣ್ಣ ಹಿಡುವಳಿಯವನ ಬಾಳು ಸರಕಾರದ ನೆರವನ್ನು ಬಹಳ ಮಟ್ಟಿಗೆ ಅವಲಂಬಿಸಿಕೊಂಡಿರುವುದು. ನೆರವಿನ ಯೋಜನೆಗಳ ಹೆಸರುಗಳನ್ನು ಸಾಲಾಗಿ ಹೇಳಿಬಿಡುವುದು ಸುಲಭ. ಆದರೆ ಒಂದೇ ಊರಿನಲ್ಲಿ, ಒಂದೇ ಬಗೆಯ ನೆಲವನ್ನು, ಒಂದೇ ಬಗೆಯಲ್ಲಿ ಸಾಗು ಮಾಡುವ ಇಬ್ಬರಲ್ಲಿ ಒಬ್ಬನಿಗೆ ನೆರವು ಮುಟ್ಟಿ ಇನ್ನೊಬ್ಬನಿಗೆ ಮುಟ್ಟದೆ ಹೋಗುವುದು ಏಕೆ ಎಂಬುದನ್ನು ವಿಚಾರಿಸಿ ನೋಡುವುದು ಹೆಚ್ಚು ಪ್ರಯೋಜನಕರವು. ವಿಚಾರಿಸಿದಲ್ಲೆಲ್ಲ ಹೆಚ್ಚುಕಡಿಮೆ ಒಂದೇ ಉತ್ತರ ದೊರೆಯುತ್ತದೆ: ನೆರವು ಹೊಲವನ್ನು ನೋಡಿ ಬರುವುದಿಲ್ಲ, ಹೊಲದ ಉತಾರವನ್ನು ನೋಡಿ ಬರುತ್ತದೆ. ಬೇರೆ ಪ್ರಾಂತಗಳಲ್ಲಿ ಪಹಣಿ ಎಂದೂ, ಕಚೇರಿಗಳಲ್ಲಿ ಆರ್.ಟಿ.ಸಿ. ಎಂದೂ ಕರೆಯುವ ಈ ಒಂದು ಹಾಳೆಯಲ್ಲಿ ಯಾರ ಹೆಸರಿದೆ, ಯಾವ ಬೆಳೆ ದಾಖಲಾಗಿದೆ ಎಂಬುದರ ಮೇಲೆ ಉಳಿದೆಲ್ಲವೂ ನಿಂತಿರುವುದು.

ಇದು ಇಂದಿನ ಸಂಗತಿಯಷ್ಟೇ ಎಂದು ತಿಳಿಯಬಾರದು. ಈ ಸೀಮೆಯು ಆಗ ಕಲಾದಗಿ ಜಿಲ್ಲೆಗೆ ಸೇರಿತ್ತು. ಜಿಲ್ಲೆಯ ಕಚೇರಿಗಳು 1885ರಲ್ಲಿ ವಿಜಾಪುರಕ್ಕೆ ಹೋದವು. 1876ರಿಂದ 1878ರ ವರೆಗಿನ ದೊಡ್ಡ ಬರದಲ್ಲಿ ಜಿಲ್ಲೆಯ ಜನಸಂಖ್ಯೆಯು ಸುಮಾರು ಐದರಲ್ಲೊಂದು ಪಾಲು ಇಳಿದುಹೋಯಿತೆಂಬುದು 1872 ಮತ್ತು 1881ರ ಜನಗಣತಿಗಳನ್ನು ಹೋಲಿಸಿದರೆ ತಿಳಿಯುತ್ತದೆ. ಆ ಬರದ ತರುವಾಯ ಕ್ಷಾಮ ಆಯೋಗವು 1880ರಲ್ಲಿ ವರದಿಯನ್ನು ಒಪ್ಪಿಸಿತು. ಅದರ ಹಿಂದೆಯೇ ಎರಡು ಕಾನೂನುಗಳು ಬಂದವು. 1883ರ ಭೂಸುಧಾರಣಾ ಸಾಲಗಳ ಕಾನೂನಿನ ಮೇರೆಗೆ ಬಾವಿ ತೋಡಿಸುವುದಕ್ಕೂ ಒಡ್ಡು ಹಾಕಿಸುವುದಕ್ಕೂ ದೀರ್ಘಾವಧಿಯ ಸಾಲವನ್ನೂ, 1884ರ ಕೃಷಿಕರ ಸಾಲಗಳ ಕಾನೂನಿನ ಮೇರೆಗೆ ಬೀಜ ಮತ್ತು ಎತ್ತುಗಳಿಗಾಗಿ ಸಾಲವನ್ನೂ ಸರಕಾರವು ಕೊಡತೊಡಗಿತು. ಹಳ್ಳಿಗಳಲ್ಲಿ ಮುದುಕರು 'ತಗಾವಿ' ಎಂದು ಹೇಳುತ್ತಿದ್ದುದು ಇದನ್ನೇ. ತಗಾವಿಯ ಹಣವನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡುವ ಅಧಿಕಾರವು ಸರಕಾರಕ್ಕಿದ್ದಿತು. ಆದಕಾರಣ ಹೊಲವು ಯಾರದೆಂಬುದನ್ನು ಮಾಮಲೇದಾರನು ಮೊದಲು ನೋಡುತ್ತಿದ್ದನು. ಖಾತೆಯಲ್ಲಿ ಹೆಸರಿದ್ದವನಿಗೆ ಸರಕಾರದ ತಗಾವಿ. ಇಲ್ಲದವನಿಗೆ ಸಾವುಕಾರನ ಬಡ್ಡಿ.

ಮುಂಬಯಿ ಸರಕಾರವು 1903ರಲ್ಲಿ ಹಕ್ಕುಗಳ ದಾಖಲೆಯ ಕಾನೂನನ್ನು ತಂದಿತು; ಮುಂದೆ 1913ರಲ್ಲಿ ಅದನ್ನು ಭೂಕಂದಾಯ ಸಂಹಿತೆಯಲ್ಲಿಯೇ ಸೇರಿಸಲಾಯಿತು. ಹೊಲದ ಮೇಲೆ ಯಾರಿಗೆ ಯಾವ ಹಕ್ಕಿದೆ ಎಂಬುದನ್ನು ಊರ ದಫ್ತರದಲ್ಲಿಯೇ ಬರೆದಿಡುವ ಏರ್ಪಾಡು ಹೀಗೆ ಸ್ಥಿರವಾಯಿತು. ಪಹಣಿ ಎಂಬ ಮರಾಠಿ ಮಾತಿಗೆ ನೋಡುವಿಕೆ, ತಪಾಸಣೆ ಎಂದೇ ಅರ್ಥ. ಅಧಿಕಾರಿಯು ಹೊಲಕ್ಕೆ ಹೋಗಿ ಬೆಳೆಯನ್ನು ಕಣ್ಣಾರೆ ಕಂಡು ಬರೆಯಬೇಕೆಂಬುದು ಆ ಪದದಲ್ಲಿಯೇ ಅಡಗಿದೆ. ಚಾವಡಿಯಲ್ಲಿ ಕುಳಿತೇ ಹಿಂದಿನ ವರ್ಷದ ಬೆಳೆಯನ್ನು ಈ ವರ್ಷಕ್ಕೂ ಎಳೆದು ಬರೆದುದು ಎಷ್ಟು ಸಲವೋ ಹೇಳಲಾಗದು.

ಅದೇ ಕಾಲದಲ್ಲಿ ಇನ್ನೆರಡು ನೆರವುಗಳು ಈ ಭಾಗದಲ್ಲಿ ಮೊಳೆತವು. ಬನಶಂಕರಿಯ ದಕ್ಷಿಣಕ್ಕೆ ಗದಗ ತಾಲೂಕಿನಲ್ಲಿರುವ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಿಂದ 1905ರಲ್ಲಿ ಸಹಕಾರಿ ಪತ್ತಿನ ಸಂಘವು ನೋಂದಣಿಯಾಯಿತು. ಸಾವುಕಾರನ ಅಂಗಡಿಯ ಹೊರತಾಗಿ ಸಾಲ ದೊರೆಯಬಹುದೆಂಬುದನ್ನು ಸುತ್ತಣ ಹಳ್ಳಿಗಳವರು ಅದರಿಂದ ಕಂಡುಕೊಂಡರು. ಎರಡನೆಯದು ಒಣಬೇಸಾಯದ ಸಂಶೋಧನೆ. 1930ರ ದಶಕದಲ್ಲಿ ಸೊಲ್ಲಾಪುರ, ವಿಜಾಪುರ, ರಾಯಚೂರು, ಹಗರಿ, ರೋಹತಕ ಎಂಬ ಐದು ಕಡೆಗಳಲ್ಲಿ ಒಣಬೇಸಾಯದ ಕೇಂದ್ರಗಳು ಕೆಲಸಕ್ಕೆ ತೊಡಗಿದವು. ಇವುಗಳಲ್ಲಿ ಮೂರು ಇಂದಿನ ಕರ್ನಾಟಕದಲ್ಲಿಯೇ ಇರುವುವು. ಹೊಲಕ್ಕೆ ಒಡ್ಡು ಹಾಕಿ ನೀರನ್ನು ನಿಲ್ಲಿಸುವುದು, ಕೆಲವು ವರ್ಷಗಳಿಗೊಮ್ಮೆ ಆಳವಾಗಿ ಉಳುವುದು, ಮಳೆಗಾಲದಲ್ಲಿ ಮೇಲಿಂದ ಮೇಲೆ ಹರಗುವುದು, ಬೀಜವನ್ನು ಕಡಿಮೆ ಮಾಡಿ ಸಾಲುಗಳ ಅಂತರವನ್ನು ಹೆಚ್ಚಿಸುವುದು, ಬೆಳೆಯ ನಡುವೆ ಎಡೆಕುಂಟೆ ಹೊಡೆದು ನೆಲದ ಬಿರುಕುಗಳನ್ನು ಮುಚ್ಚುವುದು ಇವೇ ಅಲ್ಲಿ ಕಂಡುಕೊಂಡ ಮುಖ್ಯ ಮಾತುಗಳು. ಇವುಗಳಲ್ಲಿ ಕೆಲವನ್ನು ಹುನಗುಂದ ಸೀಮೆಯ ಜಾಣ ಒಕ್ಕಲಿಗರು ಮೊದಲೇ ಅರಿತಿದ್ದರು. ಒಡ್ಡಿಗೆ ಕಲ್ಲಿನ ಕೋಡಿಯನ್ನು ಇಟ್ಟು ಹೆಚ್ಚಾದ ನೀರನ್ನಷ್ಟೇ ಹೊರಬಿಡುವ ಅವರ ಪದ್ಧತಿಯು ಯಾವ ಕೇಂದ್ರದ ಪಾಠಕ್ಕೂ ಕಡಿಮೆಯದಾಗಿರಲಿಲ್ಲ. 1942ರಲ್ಲಿ ಮುಂಬಯಿ ಸರಕಾರವು ಭೂಸುಧಾರಣಾ ಯೋಜನೆಗಳ ಕಾನೂನನ್ನು ಮಾಡಿದ ಮೇಲೆ ಒಡ್ಡು ಹಾಕುವ ಕೆಲಸವು ಇಡೀ ಬಯಲುಗಳ ಮೇಲೆ ಹಬ್ಬಿತು. 1956ರಲ್ಲಿ ಈ ಸೀಮೆಯು ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಬಾಗಲಕೋಟೆಯು ಪ್ರತ್ಯೇಕ ಜಿಲ್ಲೆಯಾಯಿತು. ಒಡ್ಡುಗಳು ಉಳಿದವು; ಉತಾರಗಳೂ ಉಳಿದವು.

ಇಂದು ಒಕ್ಕಲಿಗನಿಗೆ ಎಲ್ಲಕ್ಕಿಂತ ಹತ್ತಿರದ ಸರಕಾರಿ ಬಾಗಿಲೆಂದರೆ ರೈತ ಸಂಪರ್ಕ ಕೇಂದ್ರ. 2000ದಲ್ಲಿ ರಾಜ್ಯದ ಹೋಬಳಿ ಹೋಬಳಿಗೂ ಒಂದರಂತೆ ಇವುಗಳನ್ನು ತೆರೆಯಲು ಮೊದಲು ಮಾಡಲಾಯಿತು. ಬಾದಾಮಿ, ಕೆರೂರು, ಕುಳಗೇರಿಗಳ ಕಡೆಯ ರೈತರು ತಮ್ಮ ತಮ್ಮ ಹೋಬಳಿಯ ಕೇಂದ್ರಕ್ಕೇ ಹೋಗತಕ್ಕದ್ದು. ಅಲ್ಲಿ ರಿಯಾಯತಿ ದರದಲ್ಲಿ ಬಿತ್ತನೆಯ ಬೀಜ, ಸತುವು ಮೊದಲಾದ ಲಘು ಪೋಷಕಾಂಶಗಳು, ಔಷಧಿಗಳು, ತುಂತುರು ನೀರಾವರಿಯ ಕೊಳವೆಗಳು, ತಾಡಪತ್ರೆಗಳು ದೊರೆಯುವುವು. ಮಣ್ಣಿನ ಪರೀಕ್ಷೆಗೆ ಮಾದರಿಯನ್ನು ಒಪ್ಪಿಸುವುದೂ ಅಲ್ಲಿಯೇ. 2015ರಿಂದ ಕೊಡುತ್ತಿರುವ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳ ಲೆಕ್ಕವಿರುತ್ತದೆ. ಎರೆ ಹೊಲಗಳವರು ಬೇರೆ ಯಾವುದನ್ನು ಓದದಿದ್ದರೂ ಆ ಚೀಟಿಯಲ್ಲಿ ಸಾವಯವ ಇಂಗಾಲ ಮತ್ತು ಸತುವಿನ ಸಾಲುಗಳನ್ನು ಓದಿಸಿ ಕೇಳಬೇಕು. ಹೊಲದಲ್ಲಿ ಕೃಷಿ ಹೊಂಡವನ್ನು ತೋಡಿಸಿ ಮಳೆಯ ನೀರನ್ನು ಹಿಡಿದಿಡುವ ಕೃಷಿ ಭಾಗ್ಯ ಯೋಜನೆಯು 2014ರಲ್ಲಿ ಮೊದಲಾಗಿ, ನಡುವೆ ನಿಂತು, 2023ರ ಸುಮಾರಿಗೆ ಮತ್ತೆ ಚಾಲನೆ ಪಡೆಯಿತು. ಟ್ರ್ಯಾಕ್ಟರು, ಕೂರಿಗೆ, ರಾಶಿಯಂತ್ರಗಳನ್ನು ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆಯ ಕೇಂದ್ರಗಳೂ ಹೋಬಳಿಗಳಲ್ಲಿರುವುವು. ತೋಟದ ಬೆಳೆಗಳ ವಿಷಯದಲ್ಲಿ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯವನ್ನೂ, ಹೊಲದ ಬೆಳೆಗಳ ವಿಷಯದಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಕೃಷಿ ವಿಜ್ಞಾನ ಕೇಂದ್ರವನ್ನೂ ಕೇಳಬಹುದು. ಬರಲಾಗದವರು 1800-180-1551 ಎಂಬ ಸಂಖ್ಯೆಗೆ ಫೋನು ಮಾಡಿದರೆ ಬೆಳಿಗ್ಗೆ 6ರಿಂದ ರಾತ್ರಿ 10ರ ವರೆಗೆ ಕನ್ನಡದಲ್ಲಿಯೇ ಸಲಹೆಯನ್ನು ಕೊಡುತ್ತಾರೆ.

ಹೋಬಳಿಯ ಕೇಂದ್ರವು ಹತ್ತಿರದ್ದೆಂದು ಹೇಳಿದರೂ ಗುಡ್ಡದಾಚೆಯ ಹಳ್ಳಿಯವನಿಗೆ ಅಲ್ಲಿಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಹೋದಂತೆಯೇ. ಈ ವಿಷಯದಲ್ಲಿ ಕನ್ನಡಿಗರು ವಾಸಿಸುವ ಇನ್ನೊಂದು ನಾಡಿನ ಏರ್ಪಾಡನ್ನು ನೋಡುವುದು ಅಪ್ರಸ್ತುತವಾಗಲಾರದು. ಕಾಸರಗೋಡು, ಮಂಜೇಶ್ವರ, ಕುಂಬಳೆಗಳ ಕನ್ನಡ ಕೃಷಿಕರು ಕೇರಳ ರಾಜ್ಯಕ್ಕೆ ಸೇರಿದವರು. ಅದು ಚಿಕ್ಕದಾದ, ಜನದಟ್ಟಣೆಯ ರಾಜ್ಯ. ಹಿಡುವಳಿಗಳು ಬಹಳ ಸಣ್ಣವು. ಅಲ್ಲಿಯ ಸರಕಾರವು 1987ರಲ್ಲಿ ಗ್ರಾಮ ಪಂಚಾಯತಿಗೊಂದರಂತೆ ಕೃಷಿ ಭವನಗಳನ್ನು ಸ್ಥಾಪಿಸಿತು. ಪಂಚಾಯತಿಯ ಕೃಷಿ ಅಧಿಕಾರಿಗೆ ತೋಟಗಳ ಗುರುತೂ ಸಾಗು ಮಾಡುವವರ ಗುರುತೂ ಇರುವುದರಿಂದ ಕಾಗದದ ತಪ್ಪುಗಳು ಬೇಗ ಹೊರಬೀಳುತ್ತವೆ. ಬಾದಾಮಿಯ ಬಯಲಿನಲ್ಲಿ ಅಧಿಕಾರಿಗೆ ಎಲ್ಲರ ಮುಖಪರಿಚಯವಿರುವುದು ಸಾಧ್ಯವಿಲ್ಲ. ಇಲ್ಲಿ ಕಾಗದವೇ ಮುಖ. ಆದುದರಿಂದ ಕಾಗದವನ್ನು ಸರಿಯಾಗಿಟ್ಟುಕೊಳ್ಳುವ ಹೊಣೆಯು ಇಲ್ಲಿಯ ರೈತನ ಮೇಲೆ ಇನ್ನೂ ಹೆಚ್ಚಾಗಿ ಬೀಳುತ್ತದೆ.

ರಾಜ್ಯದ ಉತಾರಗಳನ್ನೆಲ್ಲ 2000ದ ಸುಮಾರಿನಿಂದ 'ಭೂಮಿ' ಯೋಜನೆಯಲ್ಲಿ ಗಣಕಯಂತ್ರಕ್ಕೆ ಏರಿಸಲಾಯಿತು. ಕೈಬರಹದ ಉತಾರಕ್ಕೆ ಈಗ ಬೆಲೆಯಿಲ್ಲ. ಈ ಉತಾರಗಳ ಆಧಾರದ ಮೇಲೆ ಪ್ರತಿಯೊಬ್ಬ ಹಿಡುವಳಿದಾರನಿಗೂ 'ಫ್ರೂಟ್ಸ್' ಎಂಬ ದಾಖಲೆಯಲ್ಲಿ ಒಂದು ಗುರುತಿನ ಸಂಖ್ಯೆಯನ್ನು ಕೊಡುತ್ತಾರೆ. ಅದನ್ನು ಜನರು ಎಫ್.ಐ.ಡಿ. ಎನ್ನುವರು. ಬೀಜದ ರಿಯಾಯತಿ, ಹೊಂಡದ ಸಹಾಯಧನ, ಬೆಂಬಲ ಬೆಲೆಯ ಖರೀದಿ, ಬೆಳೆಯ ವಿಮೆ, ಬರದ ಪರಿಹಾರ, ಸಹಕಾರಿ ಸಂಘದ ಸಾಲ ಇವುಗಳಲ್ಲಿ ಯಾವುದಕ್ಕೆ ಹೋದರೂ ಮೊದಲು ಕೇಳುವುದು ಈ ಸಂಖ್ಯೆಯನ್ನೇ. ಉತಾರ, ಆಧಾರ್ ಚೀಟಿ, ಬ್ಯಾಂಕಿನ ಪಾಸ್ ಪುಸ್ತಕ, ಪರಿಶಿಷ್ಟ ಜಾತಿ ಪಂಗಡದವರಾದರೆ ಜಾತಿಯ ಪ್ರಮಾಣಪತ್ರ ಇವನ್ನು ಒಯ್ದರೆ ರೈತ ಸಂಪರ್ಕ ಕೇಂದ್ರದಲ್ಲಿಯೇ ಸಂಖ್ಯೆಯನ್ನು ಮಾಡಿಕೊಡುತ್ತಾರೆ. ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯಕವು. ಒಬ್ಬನಿಗೆ ಎರಡು ಮೂರು ಊರುಗಳಲ್ಲಿ ಹೊಲಗಳಿದ್ದರೆ ಎಲ್ಲ ಸರ್ವೆ ನಂಬರುಗಳನ್ನೂ ಅದರಲ್ಲಿ ಸೇರಿಸಬೇಕು. ಸೇರಿಸದ ಹೊಲವು ಸರಕಾರದ ಕಣ್ಣಿಗೆ ಇಲ್ಲದ ಹೊಲವೇ. ಎರಡನೆಯದಾಗಿ, ಉತಾರದಲ್ಲಿ ಬಸಪ್ಪ ಎಂದೂ ಆಧಾರಿನಲ್ಲಿ ಬಸವರಾಜ ಎಂದೂ ಇದ್ದರೆ ಊರಿಗೆ ಒಬ್ಬನೇ ಆದ ಮನುಷ್ಯನು ಯಂತ್ರಕ್ಕೆ ಇಬ್ಬರಾಗುತ್ತಾನೆ. ಇಂಥ ವ್ಯತ್ಯಾಸವನ್ನು ಹಣದ ಅವಶ್ಯಕತೆ ಒದಗುವ ಮೊದಲೇ, ಬಿಡುವಿನ ದಿನಗಳಲ್ಲಿ ತಿದ್ದಿಸಿಕೊಳ್ಳುವುದು ಲೇಸು.

ಎಲ್ಲಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡುತ್ತಿರುವುದು ಮಾತ್ರ ಬೇರೊಂದು ಸಂಗತಿ. ಅದು ಸತ್ತವರ ಹೆಸರಿನಲ್ಲಿ ಉಳಿದಿರುವ ಉತಾರ. ಅಜ್ಜನು ತೀರಿಕೊಂಡು ಇಪ್ಪತ್ತು ವರ್ಷಗಳಾಗಿದ್ದರೂ ಹೊಲವು ಅಜ್ಜನ ಹೆಸರಿನಲ್ಲಿಯೇ ಇರುವ ಮನೆಗಳು ಯಾವ ಹಳ್ಳಿಯಲ್ಲಿಯೂ ಸಿಕ್ಕುವುವು. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹೊಲವನ್ನು ಹಂಚಿಕೊಂಡು, ನಡುವೆ ಬದುವನ್ನು ಹಾಕಿ, ಜಗಳವಿಲ್ಲದೆ ಸಾಗು ಮಾಡುತ್ತಿರುತ್ತಾರೆ. ಜಗಳವಿಲ್ಲದಿರುವುದೇ ಕಾಗದವನ್ನು ಮರೆಯುವುದಕ್ಕೆ ಕಾರಣವಾಗುವುದೊಂದು ವಿಚಿತ್ರವು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. 9 ಎಕರೆ ಎರೆ ಹೊಲವುಳ್ಳ ಹಿರಿಯನೊಬ್ಬನು ಮೂವರು ಗಂಡುಮಕ್ಕಳನ್ನೂ ಒಬ್ಬ ಮಗಳನ್ನೂ ಬಿಟ್ಟು ತೀರಿಕೊಂಡನೆನ್ನಿ. ಉತಾರವು ಅವನ ಹೆಸರಿನಲ್ಲಿಯೇ ಉಳಿಯಿತು. ಕೇಂದ್ರ ಸರಕಾರವು 2019ರಲ್ಲಿ ಮೊದಲು ಮಾಡಿದ ಪಿ.ಎಂ. ಕಿಸಾನ್ ಯೋಜನೆಯಲ್ಲಿ ಹಿಡುವಳಿಯುಳ್ಳ ಒಂದೊಂದು ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿಗಳನ್ನು ಮೂರು ಕಂತುಗಳಲ್ಲಿ ಬ್ಯಾಂಕಿಗೆ ಹಾಕುತ್ತಾರೆ. ಈ ಯೋಜನೆಯಲ್ಲಿ ಕುಟುಂಬವೆಂದರೆ ಗಂಡ, ಹೆಂಡತಿ ಮತ್ತು ಪ್ರಾಯಕ್ಕೆ ಬಾರದ ಮಕ್ಕಳು. ಒಂದೇ ಹಿಡುವಳಿಯಲ್ಲಿ ಹಲವು ಕುಟುಂಬಗಳ ಹೆಸರು ಜಂಟಿಯಾಗಿದ್ದರೂ ಒಂದೊಂದಕ್ಕೆ ಬೇರೆ ಬೇರೆಯಾಗಿ ಹಣ ಸಲ್ಲುವುದು. ಹೀಗಿರಲು, ಆದಾಯ ತೆರಿಗೆ ಕೊಡುವವರು, ಸರಕಾರಿ ನೌಕರರು ಮೊದಲಾದ ಹೊರಗಿಟ್ಟ ವರ್ಗಗಳಲ್ಲಿ ಮೂವರು ಅಣ್ಣತಮ್ಮಂದಿರೂ ಸೇರದಿದ್ದರೆ ವರ್ಷಕ್ಕೆ 18,000 ರೂಪಾಯಿಗಳು ಆ ಮನೆತನಕ್ಕೆ ಬರತಕ್ಕವು. ಸತ್ತ ಹಿರಿಯನ ಹೆಸರಿನ ಉತಾರಕ್ಕೆ ಬರುವುದು ಸೊನ್ನೆ.

ಬರಗಾಲದಲ್ಲಿಯೂ ಇದೇ ಲೆಕ್ಕ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ತಾಲೂಕುಗಳನ್ನು ಬರಪೀಡಿತವೆಂದು ಸಾರಬೇಕಾಯಿತು. 2022ರಲ್ಲಿ ಕೇಂದ್ರ ಸರಕಾರವು ಗೊತ್ತುಪಡಿಸಿದ ದರದಂತೆ ಮಳೆಯಾಶ್ರಿತ ಬೆಳೆ ಹಾಳಾದರೆ ಹೆಕ್ಟೇರಿಗೆ 8,500 ರೂಪಾಯಿ, ಒಬ್ಬನಿಗೆ ಹೆಚ್ಚೆಂದರೆ 2 ಹೆಕ್ಟೇರಿನ ವರೆಗೆ. 9 ಎಕರೆಗಳೆಂದರೆ ಸುಮಾರು 3.64 ಹೆಕ್ಟೇರು. ವಾರಸುದಾರರ ಹೆಸರುಗಳು ಉತಾರದಲ್ಲಿದ್ದಲ್ಲಿ ಪ್ರತಿಯೊಬ್ಬರ ಪಾಲೂ 2 ಹೆಕ್ಟೇರಿನ ಮಿತಿಯೊಳಗೇ ಬರುವುದರಿಂದ ಒಟ್ಟು ಸುಮಾರು 31,000 ರೂಪಾಯಿಗಳು ಸಲ್ಲುತ್ತಿದ್ದವು. ಪರಿಹಾರವು ಆಧಾರಿಗೆ ಜೋಡಿಸಿದ ಬ್ಯಾಂಕಿನ ಖಾತೆಗೆ ನೇರವಾಗಿ ಹೋಗುವುದು. ತೀರಿಕೊಂಡವನಿಗೆ ಅಂಥ ಖಾತೆಯೆಲ್ಲಿಯದು?

ಇದಕ್ಕೆ ಉಪಾಯವು ಕಠಿಣವಾದುದೇನೂ ಅಲ್ಲ. ಅದನ್ನು ಕಚೇರಿಯಲ್ಲಿ ಪೌತಿ ಖಾತೆ ಎಂದೂ, ಈ ಕಡೆಯ ಜನರು ವಾರಸಾ ಎಂದೂ ಹೇಳುವರು. 1964ರ ಕರ್ನಾಟಕ ಭೂಕಂದಾಯ ಕಾನೂನಿನ 128ನೆಯ ಕಲಮಿನಂತೆ ವಾರಸಿನಿಂದ ಹಕ್ಕು ಪಡೆದವನು ಮೂರು ತಿಂಗಳೊಳಗಾಗಿ ಅದನ್ನು ವರದಿ ಮಾಡಬೇಕು. ಅವಧಿ ದಾಟಿತೆಂದು ಹಕ್ಕು ಹೋಗುವುದಿಲ್ಲ. ಆದರೆ ತಡವಾದಷ್ಟೂ ಸಾಕ್ಷಿಗಳು ಸಾಯುತ್ತಾರೆ, ವಾರಸುದಾರರು ಹೆಚ್ಚುತ್ತಾರೆ. ಮರಣದ ಪ್ರಮಾಣಪತ್ರ, ವಂಶವೃಕ್ಷ, ಉತಾರ, ವಾರಸುದಾರರೆಲ್ಲರ ಆಧಾರ್ ಚೀಟಿಗಳು ಇವನ್ನು ಕೂಡಿಸಿಕೊಂಡು ನಾಡಕಚೇರಿಯಲ್ಲಿ ಅರ್ಜಿ ಕೊಡತಕ್ಕದ್ದು. ಕಚೇರಿಯವರು ತಕರಾರುಗಳಿಗಾಗಿ ನೋಟೀಸು ಹಚ್ಚುತ್ತಾರೆ. ಗೊತ್ತಾದ ದಿನಗಳಲ್ಲಿ ಯಾರೂ ತಕರಾರು ಮಾಡದಿದ್ದರೆ ವಾರಸುದಾರರೆಲ್ಲರ ಹೆಸರುಗಳು ಜಂಟಿಯಾಗಿ ಉತಾರಕ್ಕೆ ಏರುತ್ತವೆ. ಬಹು ಹಿಂದೆ ತೀರಿಕೊಂಡವರ ಮರಣವು ನೋಂದಣಿಯಾಗಿರದಿದ್ದರೆ ಅದನ್ನು ತಡವಾಗಿ ನೋಂದಿಸುವುದಕ್ಕೆ ಅಧಿಕಾರಿಯ ಆಜ್ಞೆಯನ್ನು ಪಡೆಯಬೇಕಾಗುವುದು. ಈ ತಿರುಗಾಟಕ್ಕೆ ಬೇಸತ್ತೇ ಅನೇಕರು ಕೈಬಿಡುತ್ತಾರೆ. ಕಂದಾಯ ಇಲಾಖೆಯವರು ಪೌತಿ ಖಾತೆಯ ಆಂದೋಲನಗಳನ್ನೂ ಅದಾಲತ್ತುಗಳನ್ನೂ ಹಳ್ಳಿಗಳಲ್ಲಿ ನಡೆಸುವಾಗ ಈ ತೊಡಕನ್ನು ಮುಂದಿಡುವುದು ಉತ್ತಮ.

ಹೊಲವನ್ನು ಕಾಗದದಲ್ಲಿಯೂ ಪಾಲು ಮಾಡಬೇಕೆನ್ನುವವರು ಮುಂದೆ 11-ಇ ನಕ್ಷೆಯನ್ನು ಮಾಡಿಸಿ ವಿಭಾಗ ಪತ್ರವನ್ನು ನೋಂದಿಸಿಕೊಳ್ಳಬಹುದು. ಅದು ಎರಡನೆಯ ಹೆಜ್ಜೆ. ಪಾಲಿನ ಮಾತು ಮುಗಿಯಲೆಂದು ವಾರಸಾವನ್ನೇ ತಡೆದಿಡುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಜಂಟಿ ಹೆಸರುಗಳಿಗೂ ನೆರವು ದೊರೆಯುವುದೆಂಬುದನ್ನು ಮೇಲೆಯೇ ಹೇಳಿದೆ.

ವಂಶವೃಕ್ಷವನ್ನು ಬರೆಯಿಸುವಾಗ ಹೆಣ್ಣುಮಕ್ಕಳ ಹೆಸರುಗಳನ್ನು ಬಿಟ್ಟುಬಿಡುವ ಚಾಳಿಯ ವಿಷಯವಾಗಿಯೂ ಒಂದು ಮಾತು ಹೇಳಬೇಕಾಗಿದೆ. ಹಿಂದೂ ವಾರಸಾ ಕಾನೂನಿಗೆ ಕರ್ನಾಟಕವು 1994ರಲ್ಲಿಯೂ ಕೇಂದ್ರ ಸರಕಾರವು 2005ರಲ್ಲಿಯೂ ಮಾಡಿದ ತಿದ್ದುಪಡಿಗಳಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಬಂದಿರುವುದು. ಕೊಟ್ಟ ಮನೆಗೆ ಹೋದವಳಿಗೆ ತವರಿನ ಹೊಲವೇಕೆಂದು ಅವಳ ಹೆಸರನ್ನು ಮರೆಮಾಚಿದರೆ ಆ ವಂಶವೃಕ್ಷವು ಸುಳ್ಳು ಕಾಗದವಾಗುತ್ತದೆ. ಮುಂದೆ ಒಂದು ತಕರಾರಿನ ಅರ್ಜಿ ಬಿದ್ದರೆ ಇಡೀ ಉತಾರವು ನ್ಯಾಯಾಲಯದ ಕಟ್ಟೆ ಹತ್ತುವುದು. ಅವಳು ತಾನಾಗಿಯೇ ಬಿಟ್ಟುಕೊಡುವುದಾದರೆ ಹಕ್ಕು ಬಿಡುಗಡೆಯ ಪತ್ರವನ್ನು ನೋಂದಿಸುವ ದಾರಿಯಿದೆ. ಬಿಟ್ಟುಕೊಡಲಾರದವಳೂ ಇರಬಹುದು. ಗಂಡನನ್ನು ಕಳೆದುಕೊಂಡು ತವರಿನಲ್ಲಿಯೇ ಕಳೆ ತೆಗೆದು ಬದುಕುತ್ತಿರುವ ಮಗಳ ಮಟ್ಟಿಗೆ ಉತಾರದ ಆ ಒಂದು ಸಾಲು ಸಣ್ಣ ಸಂಗತಿಯಲ್ಲ.

ಇನ್ನು ಬೆಳೆಯ ವಿಮೆ. 2016ರ ಮುಂಗಾರಿಯಿಂದ ನಡೆದಿರುವ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಆಹಾರಧಾನ್ಯ, ಎಣ್ಣೆಕಾಳುಗಳಿಗೆ ರೈತನು ವಿಮಾ ಮೊತ್ತದ ಮೇಲೆ ಮುಂಗಾರಿಗೆ ನೂರಕ್ಕೆ 2, ಹಿಂಗಾರಿಗೆ ನೂರಕ್ಕೆ 1.5, ವಾಣಿಜ್ಯ ಮತ್ತು ತೋಟದ ಬೆಳೆಗಳಿಗೆ ನೂರಕ್ಕೆ 5ರಂತೆ ಕೊಡಬೇಕು. ಉಳಿದುದನ್ನು ಸರಕಾರಗಳು ತುಂಬುತ್ತವೆ. 2020ರಿಂದ ಸಾಲಗಾರರಿಗೂ ಇದು ಐಚ್ಛಿಕವು. ಜೋಳದ ವಿಮಾ ಮೊತ್ತವು ಹೆಕ್ಟೇರಿಗೆ 40,000 ರೂಪಾಯಿ ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ ರೈತನು ಕಟ್ಟುವುದು 600 ರೂಪಾಯಿ. ಪರಿಹಾರವನ್ನು ಅವನೊಬ್ಬನ ಹೊಲವನ್ನು ನೋಡಿ ಕೊಡುವುದಿಲ್ಲವೆಂಬುದನ್ನು ಬಹು ಜನರು ತಿಳಿದಿಲ್ಲ. ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯತಿಯನ್ನೇ ಒಂದು ಘಟಕವಾಗಿ ಹಿಡಿದು, ಅದರೊಳಗೆ ಆಯ್ದ ಹೊಲಗಳಲ್ಲಿ ಬೆಳೆಯನ್ನು ಕೊಯ್ದು ತೂಗಿ ಇಳುವರಿಯ ಸರಾಸರಿಯನ್ನು ತೆಗೆಯುತ್ತಾರೆ. ಹಿಂದಿನ ಏಳು ವರ್ಷಗಳಲ್ಲಿ ಒಳ್ಳೆಯ ಐದು ವರ್ಷಗಳ ಸರಾಸರಿಯಿಂದ ಕಟ್ಟಿದ ಮಿತಿಯ ಇಳುವರಿಯು 10 ಕ್ವಿಂಟಲು ಇದ್ದು, ಈ ವರ್ಷ 6 ಕ್ವಿಂಟಲು ಬಂದರೆ ಕೊರತೆಯು ನೂರಕ್ಕೆ 40. ಆಗ ಹೆಕ್ಟೇರಿಗೆ 16,000 ರೂಪಾಯಿ ಸಲ್ಲುವುದು. ಸುತ್ತಲಿನವರ ಹೊಲಗಳು ಚೆನ್ನಾಗಿದ್ದು ಒಬ್ಬನ ಹೊಲ ಮಾತ್ರ ಒಣಗಿದರೆ ಅವನಿಗೆ ಏನೂ ಬಾರದು. ಇದು ಈ ಯೋಜನೆಯ ದೊಡ್ಡ ಕೊರತೆಯೇ ಸರಿ.

ಆಲಿಕಲ್ಲು, ನೆರೆನೀರು ಮೊದಲಾದ ಸ್ಥಳೀಯ ಆಪತ್ತುಗಳಿಗೆ ಮಾತ್ರ ಆಯಾ ಹೊಲವನ್ನೇ ನೋಡುವ ವ್ಯವಸ್ಥೆಯಿದೆ. ಅದಕ್ಕಾಗಿ ಹಾನಿಯಾದ 72 ಗಂಟೆಗಳೊಳಗೆ ವಿಮಾ ಕಂಪನಿಗೆ, ಬ್ಯಾಂಕಿಗೆ ಅಥವಾ ಕೃಷಿ ಇಲಾಖೆಗೆ ತಿಳಿಸಬೇಕು. ಕೊಯ್ದು ಹೊಲದಲ್ಲಿ ಹರವಿದ ಬೆಳೆಗೂ 14 ದಿನಗಳ ವರೆಗೆ ಈ ರಕ್ಷಣೆಯುಂಟು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳವೇ ಮುಳುಗಿದ್ದಿತು. ಮನೆಯೇ ನೀರಿನಲ್ಲಿರುವಾಗ ಬೆಳೆಯ ಹಾನಿಯನ್ನು ಮೂರು ದಿನಗಳಲ್ಲಿ ತಿಳಿಸಬೇಕೆನ್ನುವುದು ಕಠಿಣವಾದ ನಿಯಮವೆಂಬುದರಲ್ಲಿ ಸಂದೇಹವಿಲ್ಲ. ಆದರೂ ನಿಯಮವು ಹಾಗಿರುವಾಗ ನದಿಯ ದಂಡೆಯವರು ಫೋನಿನ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು.

ಉತಾರದಲ್ಲಿಯ ಬೆಳೆಯ ಕಾಲಮ್ಮು ಇಲ್ಲಿ ಮತ್ತೆ ಎದುರಾಗುತ್ತದೆ. ಈಗ ಪ್ರತಿ ಹಂಗಾಮಿನಲ್ಲಿಯೂ ಬೆಳೆ ಸಮೀಕ್ಷೆಯನ್ನು ಮೊಬೈಲ್ ಫೋನಿನಿಂದ ಮಾಡುತ್ತಾರೆ. ಹೊಲದಲ್ಲಿಯೇ ನಿಂತು ಬೆಳೆಯ ಚಿತ್ರವನ್ನು ತೆಗೆಯಬೇಕು. 2020ರಿಂದ ರೈತನು ತಾನೇ ಇದನ್ನು ಮಾಡಬಹುದಾಗಿದೆ; ಅವನು ಮಾಡದಿದ್ದಲ್ಲಿ ಊರಿನಲ್ಲಿ ನೇಮಿಸಿದ ಹುಡುಗನೊಬ್ಬನು ಬಂದು ಮಾಡುತ್ತಾನೆ. ಜೋಳಕ್ಕೆ ವಿಮೆ ಕಟ್ಟಿದ್ದು ಸಮೀಕ್ಷೆಯಲ್ಲಿ ಕಡಲೆ ಎಂದು ದಾಖಲಾಗಿದ್ದರೆ ವಿಮೆಯ ಅರ್ಜಿಯು ಬಿದ್ದುಹೋಗುವುದು. ಜೋಳದ ಹೊಲಕ್ಕೆ ಕುಸುಬಿಯ ಅಕ್ಕಡಿ ಹಾಕುವ ಈ ಸೀಮೆಯಲ್ಲಿ ಹೊಲದ ಅಂಚಿಗೆ ನಿಂತು ಚಿತ್ರ ತೆಗೆದವನು ಕುಸುಬಿಯನ್ನಷ್ಟೇ ಕಂಡು ಹೋಗುವ ಸಂಭವವುಂಟು. ರೈತನು ಹೊಲದ ನಡುವೆ ನಿಂತು ತಾನೇ ಸಮೀಕ್ಷೆ ಮಾಡಿ, ಮಿಶ್ರ ಬೆಳೆಯಾದರೆ ಎರಡನ್ನೂ ಬರೆಯಿಸಿ, ಆಮೇಲೆ ಏನು ದಾಖಲಾಯಿತೆಂದು ನೋಡಿಕೊಳ್ಳಬೇಕು. ತಪ್ಪಾಗಿದ್ದರೆ ಆಕ್ಷೇಪಣೆಗೆ ಗೊತ್ತುಪಡಿಸಿದ ದಿನಗಳೊಳಗೆ ತಿದ್ದಿಸಬಹುದು. ಹಂಗಾಮು ಮುಗಿದ ಮೇಲೆ ಹೊಲದಲ್ಲಿ ಕೂಳೆಯ ಹೊರತು ಸಾಕ್ಷಿಯೇನೂ ಉಳಿಯದು.

ಇಷ್ಟೆಲ್ಲ ಮಾಡಿದರೂ ಒಂದು ವರ್ಗದವರಿಗೆ ದಾರಿ ಸಿಕ್ಕುವುದಿಲ್ಲ. ಅವರು ಪರರ ಹೊಲವನ್ನು ಕೋರಿಗೆ ಅಥವಾ ಲಾವಣಿಗೆ ಮಾಡುವವರು. 1961ರ ಭೂಸುಧಾರಣಾ ಕಾನೂನಿಗೆ 1974ರಲ್ಲಿ ಜಾರಿಗೆ ಬಂದ ತಿದ್ದುಪಡಿಯು ಉಳುವವನನ್ನೇ ಒಡೆಯನನ್ನಾಗಿ ಮಾಡಿ ಗೇಣಿಯನ್ನು ನಿಲ್ಲಿಸಿತು. ಅದರಿಂದ ಸಾವಿರಾರು ಮನೆಗಳು ಉದ್ಧಾರವಾದವು. ಆದರೆ ಅಂದಿನಿಂದ ಹೊಸ ಕೋರಿಗೆ ಕಾಗದವಿಲ್ಲದಂತಾಯಿತು. ಒಡೆಯನು ಬರೆದುಕೊಟ್ಟರೆ ತನ್ನ ಹೊಲವೇ ಹೋದೀತೆಂದು ಅಂಜುತ್ತಾನೆ. ಹೀಗಾಗಿ ಬೀಜ ಹಾಕಿದವನು ಒಬ್ಬ, ಬರದ ಪರಿಹಾರವು ಬಂದು ಬೀಳುವುದು ಇನ್ನೊಬ್ಬನ ಖಾತೆಗೆ. ಆಂಧ್ರ ಪ್ರದೇಶದವರು 2011ರಲ್ಲಿ ಒಂದು ಕಾನೂನು ಮಾಡಿ, ಒಡೆತನಕ್ಕೆ ಧಕ್ಕೆ ಬಾರದಂತೆ ಸಾಗುವಳಿದಾರನಿಗೆ ಸಾಲಕ್ಕಾಗಿ ಒಂದು ಅರ್ಹತಾ ಚೀಟಿಯನ್ನು ಕೊಡುವ ಏರ್ಪಾಡು ಮಾಡಿದರು. ಆ ಬಗೆಯ ವಿಚಾರವು ಇಲ್ಲಿಯೂ ಅವಶ್ಯವಾಗಿದೆ.

ಅಲ್ಲಿಯ ವರೆಗೆ ಕೋರಿನವರಿಗೆ ಉಳಿದಿರುವ ಮಾರ್ಗಗಳು ಎರಡು. ನಾಲ್ಕರಿಂದ ಹತ್ತು ಮಂದಿ ಸೇರಿ ಜಂಟಿ ಹೊಣೆಗಾರಿಕೆಯ ಗುಂಪನ್ನು ಕಟ್ಟಿಕೊಂಡರೆ ಹೊಲದ ಅಡವಿಲ್ಲದೆ ಬ್ಯಾಂಕಿನಿಂದ ಬೆಳೆಯ ಸಾಲವನ್ನು ಕೇಳಬಹುದು. ಎರಡನೆಯದು ಮಾತಿನ ಮೇಲೆಯೇ ನಿಂತದ್ದು. ಈ ಸೀಮೆಯಲ್ಲಿ ಕೋರಿನ ಕರಾರು ಯುಗಾದಿಗೆ ಆಗುವುದಷ್ಟೆ. ಬೀಜ ಗೊಬ್ಬರ ಯಾರದು, ರಾಶಿಯಲ್ಲಿ ಯಾರಿಗೆಷ್ಟು ಎಂಬುದನ್ನು ಪಂಚರ ಸಮಕ್ಷಮದಲ್ಲಿ ಆಡುವಾಗಲೇ, ವಿಮೆಯ ಕಂತನ್ನು ಯಾರು ಕಟ್ಟಬೇಕು, ವಿಮೆಯ ಹಣವೋ ಬರದ ಪರಿಹಾರವೋ ಒಡೆಯನ ಖಾತೆಗೆ ಬಂದರೆ ಅದರಲ್ಲಿ ಬಿತ್ತಿದವನಿಗೆ ಎಷ್ಟು ಸಲ್ಲಬೇಕು ಎಂಬ ಇನ್ನೆರಡು ಮಾತುಗಳನ್ನೂ ಆಡಿಕೊಳ್ಳತಕ್ಕದ್ದು.